ಒಟಿಪಿ ತರಲು ಹಾವೇರಿಗೆ

ಹೋದ ತಿಂಗಳು ನನ್ನ ಫೋನು ಉಪ್ಪಿನಕಾಯಿಯಾಯಿತು.

ತಮಾಷೆಯಲ್ಲ. ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿ ಸುಕ್ಕುಗಟ್ಟಿದೆಯೇ ಎಂದು ದೊಡ್ಡ ಭರಣಿಯೊಳಗೆ ಬಗ್ಗಿ ನೋಡುತ್ತಿದ್ದೆ. ಟಾರ್ಚ್ ಹಾಕಿದ ಫೋನು ಕೈಯಲ್ಲಿತ್ತು. ಜಾರಿತು. ಟಾರ್ಚ್ ಉರಿಯುತ್ತಿದ್ದಂತೆಯೇ ಉಪ್ಪುನೀರಿನಲ್ಲಿ ನಿಧಾನವಾಗಿ ಮುಳುಗಿತು. (ಭರಣಿಯೊಳಗೆ ಆ ಬೆಳಕು ಎಷ್ಟು ಚಂದ ಕಂಡಿತೆಂದರೆ ಒಂದು ಕ್ಷಣ ನನ್ನನ್ನು ನಾನೇ ಬೈದುಕೊಳ್ಳುವುದನ್ನೂ ಮರೆತೆ.) ಬರೀ ನೀರಾಗಿದ್ದರೆ ಬದುಕುತ್ತಿತ್ತೇನೋ. ಉಪ್ಪುನೀರು ಬಿಡಲಿಲ್ಲ.

ಫೋನು ಹೋದದ್ದಕ್ಕೆ ನಾನು ಕೊರಗಲಿಲ್ಲ. ಸಿಮ್ ತೊಳೆದು, ಒರೆಸಿ, ಹೊಸ ಫೋನಿಗೆ ಹಾಕಿದೆ. ಅದಕ್ಕೆ ಜೀವ ಇತ್ತು. ನನಗಿದ್ದ ಚಿಂತೆ ಮರಗಳದ್ದು.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಮಿಡಿಮಾವಿನ ಹುಚ್ಚು ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ನಾನು ಬ್ಯಾಕೋಡಿನವಳು, ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಹತ್ತು ವರ್ಷದಿಂದ ಸಾಗರ, ಹೊಸನಗರ, ತೀರ್ಥಹಳ್ಳಿಯ ಹೊಳೆಬದಿಗಳನ್ನೂ ರಸ್ತೆಯ ಅಂಚುಗಳನ್ನೂ ಸುತ್ತುತ್ತಿದ್ದೇನೆ. ಕಂಡ ಪ್ರತಿ ಅಪ್ಪೆಮರದ ಫೋಟೊ, ಅದು ನಿಂತ ಜಾಗ, ಅದರ ಸೊನೆಯ ವಾಸನೆ, ಅದರ ಮಿಡಿ ಎಷ್ಟು ವರ್ಷ ಕೆಡದೆ ಉಳಿಯಿತು, ಎಲ್ಲವನ್ನೂ ನನ್ನ ಇಮೇಲ್ ಖಾತೆಯಲ್ಲಿ ತುಂಬಿಟ್ಟಿದ್ದೇನೆ. ಆ ಮರಗಳಲ್ಲಿ ಎಷ್ಟೋ ಈಗ ಇಲ್ಲ. ರಸ್ತೆ ಅಗಲವಾಗಲು ಹೋದವು. ಹೋದ ಮರದ ಕಸಿ ಗಿಡ ಯಾರ ಹಿತ್ತಲಲ್ಲಿದೆ ಎಂದು ಬರೆದಿಟ್ಟದ್ದೂ ಅಲ್ಲೇ. ಬೇರೆಲ್ಲೂ ನಕಲಿಲ್ಲ. ಖಾತೆ ಹೋದರೆ ಆ ಮರಗಳನ್ನು ಎರಡನೇ ಸಲ ಕಡಿದ ಹಾಗೆ.

ಹೊಸ ಫೋನಿನಲ್ಲಿ ಲಾಗಿನ್ ಮಾಡಲು ಕೂತೆ. ಪಾಸ್‌ವರ್ಡ್ ಸರಿಯಾಗಿಯೇ ಹಾಕಿದೆ. ಅಷ್ಟು ಸಾಲದು, ನೀವು ನೀವೇ ಎಂದು ಖಾತ್ರಿಯಾಗಬೇಕು, 47ರಲ್ಲಿ ಮುಗಿಯುವ ನಂಬರಿಗೆ ಕೋಡ್ ಕಳಿಸುತ್ತೇವೆ ಎಂದಿತು.

47? ಯಾರದಪ್ಪ ಅದು? ನನ್ನದಲ್ಲ. ನಮ್ಮನೆಯವರದ್ದೂ ಅಲ್ಲ.

ಮಧ್ಯಾಹ್ನವಿಡೀ ತಲೆ ಕೆರೆದುಕೊಂಡೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ಬಟ್ಟೆಚೀಲ. ಸಾಗರದಲ್ಲಿ ದಿನೇಶ ಮೊಬೈಲ್ ಅಂಗಡಿ ಇಟ್ಟಿದ್ದಾಗ ಗಿರಾಕಿಗಳಿಗೆ ಹಂಚಿದ ಚೀಲ. ಅದರ ಮೇಲೆ ಅಂಗಡಿಯ ಫೋನ್ ನಂಬರು. ಕೊನೆಯ ಎರಡಂಕಿ 47.

ನಮ್ಮ ಕಡೆಯವರಿಗೆ ಈಗ ನೆನಪಾಗಿರುತ್ತದೆ. ಆಗ ನಮ್ಮೂರಿಗೂ ಸಾಗರಕ್ಕೂ ನಡುವಿನ ಹೊಳೆಗೆ ಸೇತುವೆ ಇರಲಿಲ್ಲ. ಸಾಗರಕ್ಕೆ ಹೋದರೆ ಹೊಳೆಬಾಗಿಲಿನ ಕೊನೇ ಲಾಂಚ್ ಹಿಡಿಯುವ ಧಾವಂತ. ಫೋನ್ ಕೊಂಡು ಮನೆಗೆ ತಂದರೆ ಸಿಗ್ನಲ್ ಇಲ್ಲ. ಒಟಿಪಿ ಬೇಕೆಂದರೆ ಗುಡ್ಡ ಹತ್ತಬೇಕು, ಅದನ್ನು ನೋಡಿಕೊಂಡು ಇಳಿಯುವಷ್ಟರಲ್ಲಿ ಅದರ ಆಯಸ್ಸು ಮುಗಿದಿರುತ್ತಿತ್ತು. ದಿನೇಶ ಪುಣ್ಯಾತ್ಮ. "ನೀವು ಲಾಂಚಿಗೆ ಓಡಿ ಅಕ್ಕಾ, ನನ್ನ ನಂಬರ್ ಹಾಕಿ ಎಲ್ಲ ಮಾಡಿಡ್ತೀನಿ" ಎನ್ನುತ್ತಿದ್ದ. ನಾವು ಓಡುತ್ತಿದ್ದೆವು. ಮಧ್ಯೆ ಒಮ್ಮೆ ನಾನು ಫೋನ್ ಬದಲಿಸಿದಾಗಲೂ ಎಲ್ಲ ಅವನೇ ಮಾಡಿಕೊಟ್ಟಿದ್ದ.

ದಿನೇಶ ಈಗ ತೀರ್ಥಹಳ್ಳಿಯಲ್ಲಿ ಶಾಮಿಯಾನ ಬಾಡಿಗೆಗೆ ಕೊಡುತ್ತಾನೆ. ಅವನ ಹೊಸ ನಂಬರು ಹುಡುಕಿ ಫೋನ್ ಮಾಡಿದಾಗ ಅರಳಸುರಳಿಯಲ್ಲಿ ಯಾರದೋ ಮದುವೆಗೆ ಗೂಟ ಹೊಡೆಸುತ್ತಿದ್ದ.

"ಅಯ್ಯೋ ಅಕ್ಕಾ, ಅಂಗಡಿ ಮುಚ್ಚಿದ ಮೇಲೆ ಆ ಸಿಮ್ಮಿಗೆ ರೀಚಾರ್ಜೇ ಮಾಡ್ಲಿಲ್ಲ. ಕಂಪನಿಯವ್ರು ಬೇರೆ ಯಾರಿಗೋ ಕೊಟ್ಟಿರ್ತಾರೆ."

"ಎಷ್ಟು ಜನರ ಖಾತೆಗೆ ಆ ನಂಬರ್ ಕೊಟ್ಟಿದ್ಯೋ?"

"ಲೆಕ್ಕ ಯಾರು ಇಟ್ಟಿದಾರೆ? ಹೊಳೆ ಆಚೆಯವ್ರದ್ದು ಹೆಚ್ಚುಕಮ್ಮಿ ಎಲ್ಲಾರ್ದೂ. ಪಾಸ್‌ವರ್ಡೂ ಒಂದೇ ನಮೂನೆ ಇಟ್ಟಿದ್ದೆ ಅಕ್ಕಾ. ಅವರವರ ಹೆಸರು, ಆಮೇಲೆ ಒಂದು ಎರಡು ಮೂರು. ಯಾರೂ ಮರೀಬಾರ್ದಲ್ಲ!"

ಯಾರೂ ಮರೆತಿರಲಿಲ್ಲ. ನಾನೂ. ಹತ್ತು ವರ್ಷದಿಂದ ಅದೇ ಪಾಸ್‌ವರ್ಡ್.

ಧೈರ್ಯ ಮಾಡಿ 47ಕ್ಕೆ ಫೋನ್ ಹಚ್ಚಿದೆ. ಹಿನ್ನೆಲೆಯಲ್ಲಿ ಬಸ್ಸಿನ ಸದ್ದು. ಹೆಂಗಸಿನ ದನಿ. ನಾನು ಹಲೋ ಅಂದದ್ದೇ ತಡ:

"ಸಾಗರದ ಕಡೇವ್ರೇನ್ರಿ? ಒಟಿಪಿ ಬೇಕಾಗಿತ್ತೇನ್ರಿ?"

ಹೌದು ಎಂದೆ. ಆಕೆಯ ಹೆಸರು ರೇಣುಕಾ. ಹಾವೇರಿಯಲ್ಲಿ ಬಸ್ ಕಂಡಕ್ಟರ್. ಈ ನಂಬರು ಕೈಗೆ ಬಂದಾಗಿನಿಂದ ನಮ್ಮೂರವರ ಕೋಡುಗಳು ಆಕೆಯ ಫೋನಿಗೆ ಬೀಳುತ್ತಿವೆ. ಆಗಾಗ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ. ನಾನು ನನ್ನ ಭರಣಿಯ ಕಥೆ, ಮರದ ಕಥೆ, ಎಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಫೋನ್‌ನ್ಯಾಗ ಕೊಡಂಗಿಲ್ರಿ," ಎಂದಳು. "ಖುದ್ದ ಬರ್ರಿ. ಮಾರಿ ನೋಡಿ ಕೊಡ್ತೀನಿ."

ನಾನು ಅಂಕಣ ಬರೆಯುವವಳು, ಪೇಪರಿನಲ್ಲಿ ನನ್ನ ಫೋಟೊ ಬರುತ್ತದೆ ಎಂದೆ. (ಹೌದು, ಅಷ್ಟು ಕೆಳಗಿಳಿದೆ.)

"ಚೊಲೊ ಆತು. ಬರೋವಾಗ ಆ ಪೇಪರ್ ತರ್ರಿ. ಆಧಾರ್ ಕಾರ್ಡೂ ತರ್ರಿ."

ಕೋಪ ನೆತ್ತಿಗೇರಿತು. ನನ್ನ ಖಾತೆ, ನನ್ನ ಮರ, ನನ್ನ ಹತ್ತು ವರ್ಷ. ಅದಕ್ಕೆ ಮುಖ ಕಾಣದ ಯಾರೋ ಒಬ್ಬಳು ಅಡ್ಡ ನಿಲ್ಲುವುದೇ? ನಮ್ಮನೆಯವರು ನಿವೃತ್ತ ಗಣಿತ ಮೇಷ್ಟ್ರು. ಅವರು ಬೇರೆ ನಕ್ಕರು. "ಒಟಿಪಿ ತರೋಕೆ ಬಸ್ಸಲ್ಲಿ ಹೋಗ್ತಾರೇನೇ ಯಾರಾದ್ರೂ? ಹತ್ತು ನಿಮಿಷ ಬಾಳೋ ನಂಬರಿಗೆ ದಿನವಿಡೀ ಪ್ರಯಾಣ! ಬಿಟ್ಟು ಹಾಕು ಮಾರಾಯ್ತಿ, ಹೊಸ ಖಾತೆ ಮಾಡ್ಕೋ."

ಬಿಟ್ಟು ಹಾಕು ಅಂದರಲ್ಲ, ಆಗಲೇ ಹೋಗುವುದೆಂದು ತೀರ್ಮಾನಿಸಿದೆ.

ಮರುದಿನ ಬೆಳಿಗ್ಗೆ ಬಸ್ ಹತ್ತಿದೆ. ಸಾಗರ, ಸೊರಬ, ಹಾನಗಲ್, ಹಾವೇರಿ. ಬ್ಯಾಗಿನಲ್ಲಿ ಆಧಾರ್, ಹಳೆ ಪೇಪರು, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ.

ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ಟ್ರಿಪ್ಪಿನ ನಡುವೆ ರೇಣುಕಾ ಸಿಕ್ಕಳು. ಖಾಕಿ ಬಟ್ಟೆ, ಕೊರಳಲ್ಲಿ ಟಿಕೆಟ್ ಮೆಷಿನ್ನು, ನನಗಿಂತ ಚಿಕ್ಕವಳು. ಆಧಾರ್ ನೋಡಿದಳು. ನನ್ನ ಮುಖ ನೋಡಿದಳು. ಪೇಪರಿನ ಫೋಟೊ ನೋಡಿದಳು.

"ಫೋಟೊದಾಗ ಭಾಳ ಸಣ್ಣ ವಯಸ್ಸು ಕಾಣತೈತಲ್ರಿ?"

ಹಳೆಯ ಫೋಟೊ ಎಂದು ಒಪ್ಪಿಕೊಂಡೆ. (ಸಂಪಾದಕರೇ, ದಯವಿಟ್ಟು ಬದಲಿಸಬೇಡಿ.)

"ಹೂಂ, ಈಗ ಕಳಸ್ರಿ."

ನಾನು ನನ್ನ ಫೋನಿನಲ್ಲಿ ಒತ್ತಿದೆ. ಆಕೆಯ ಫೋನು ಟಿಣ್ ಅಂದಿತು. ಪಕ್ಕದವರಿಗೆ ಕಾಣದಂತೆ ಕೈ ಮರೆಮಾಡಿ ತೋರಿಸಿದಳು. ಆರು ಅಂಕಿ. ಖಾತೆ ತೆರೆಯಿತು. ಫೋಟೊಗಳು ಒಂದೊಂದಾಗಿ ಇಳಿಯತೊಡಗಿದವು. ಮೊದಲು ಬಂದದ್ದು ಅರಳಸುರಳಿ ದಾರಿಯ, ಜೀರಿಗೆ ವಾಸನೆಯ ಮರ. ಅದನ್ನು ಕಡಿದು ಮೂರು ವರ್ಷವಾಯಿತು. ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಅತ್ತುಬಿಟ್ಟೆ.

"ಆಮ್ಯಾಲ ಅಳ್ರಿ," ಎಂದಳು ರೇಣುಕಾ. "ಮೊದಲ ನನ್ನ ನಂಬರ್ ತಗದು ನಿಮ್ಮದು ಹಾಕ್ರಿ."

ಹಾಕಿದೆ. ಪಾಸ್‌ವರ್ಡನ್ನೂ ಬದಲಿಸಿದೆ, ಅವಳಿಗೆ ಬೆನ್ನು ಹಾಕಿ. ಅದು ಅವಳಿಗೆ ಬಹಳ ಮೆಚ್ಚುಗೆಯಾಯಿತು.

ಚಹಾ ಕುಡಿಯುವಾಗ ಕೇಳಿದೆ: ಯಾಕೆ ಇಷ್ಟು ಹಟ ನಿಮಗೆ? ಫೋನಿನಲ್ಲೇ ಹೇಳಿದ್ದರೆ ಏನಾಗುತ್ತಿತ್ತು?

ಅವಳ ಮುಖ ಇಳಿಯಿತು. "ಒಮ್ಮೆ ಹೇಳಿದ್ದೆ ರೀ."

ಹೊಸದರಲ್ಲಿ ಒಬ್ಬ ಫೋನ್ ಮಾಡಿದ್ದನಂತೆ. ಒಳ್ಳೆ ಮೆತ್ತಗಿನ ಮಾತು. ಅಕ್ಕನ ಖಾತೆ ಲಾಕ್ ಆಗಿದೆ, ನಾನು ಅವಳ ತಮ್ಮ, ಕೋಡ್ ಬಂದಿದೆ ನೋಡಿ ಎಂದ. ಪಾಪ ಎಂದು ಇವಳು ಹೇಳಿದಳು. ವಾರದ ಮೇಲೆ ಒಬ್ಬ ಹುಡುಗಿ ಅಳುತ್ತಾ ಫೋನ್ ಮಾಡಿದಳು. ಅವನು ತಮ್ಮನೇ ಅಲ್ಲ. ಅವಳು ಮದುವೆಗೆ ಒಲ್ಲೆ ಎಂದಿದ್ದ ಗಂಡಸು. ಪಾಸ್‌ವರ್ಡ್ ಊಹಿಸುವುದು ಅವನಿಗೆ ಕಷ್ಟವೇ ಆಗಿರಲಿಲ್ಲ. ಹೆಸರು, ಒಂದು ಎರಡು ಮೂರು. ಒಳಹೊಕ್ಕು ಅವಳ ಪತ್ರ, ಫೋಟೊ ಎಲ್ಲ ತೆಗೆದು ಕಂಡವರಿಗೆಲ್ಲ ಕಳಿಸಿದ್ದ.

"ಯಾವೂರ ಹುಡುಗಿ?" ಎಂದೆ.

"ಅದನ್ನೂ ಹೇಳಂಗಿಲ್ರಿ."

ನನಗೆ ಚಹಾ ಸೇರಲಿಲ್ಲ. ಅವಳು ನಮ್ಮ ಹೊಳೆ ಆಚೆಯವಳೇ ಆಗಿರಬೇಕು. ನನ್ನ ಅಂಗಳದಲ್ಲಿ ಕೂತು ಮಿಡಿ ಆರಿಸಿದವಳೇ ಇರಬಹುದು. ನಮ್ಮ ಲಾಂಚಿನ ಅವಸರ, ದಿನೇಶನ ಒಳ್ಳೆಯತನ, ನಮ್ಮೆಲ್ಲರ ಉದಾಸೀನ ಸೇರಿ ಆ ಹುಡುಗಿಯ ಬಾಗಿಲನ್ನು ಅವನಿಗೆ ತೆರೆದುಕೊಟ್ಟಿದ್ದವು. ನಾಚಿಕೆಯಾಯಿತು. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

"ಇಷ್ಟು ಕಾಟ ಇರೋವಾಗ ನೀವು ನಂಬರ್ ಬದಲಿಸಬಹುದಿತ್ತಲ್ಲ?"

"ಬದಲ್ ಮಾಡಿದ್ರ ಈ ನಂಬರ್ ಮತ್ತ ಯಾರಿಗರ ಹೋಗತೈತ್ರಿ," ಎಂದಳು. "ಅವ್ರು ಎಂಥಾವ್ರು ಇರ್ತಾರೋ ಏನೋ. ನಿಮ್ಮೂರಾಗ ಎಲ್ಲಾರೂ ನಂಬರ್ ತಗಸೋ ತನಕ ಇದು ನನ್ನ ಹತ್ರನ ಇರ್ಲಿ ಬಿಡ್ರಿ."

ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ. ಉಪ್ಪಿನಕಾಯಿ ಬಾಟಲಿ ಇಸಕೊಂಡು ಅವಳು ಬಸ್ ಹತ್ತಿದಳು.

ನೋಡಿ, ನಮ್ಮ ಸೀಮೆಯ ಜನರ ಗುಟ್ಟಿಗೆಲ್ಲ ಇಷ್ಟು ದಿನ ಇದ್ದ ಚಿಲಕ ಒಬ್ಬಳು ಕಂಡಕ್ಟರಮ್ಮನ ಹಟ. ಅಷ್ಟೇ. ಅದನ್ನೇ ನಾನು ಬರುವ ದಾರಿಯುದ್ದಕ್ಕೂ ಬೈದಿದ್ದೆ!

ಮನೆಗೆ ಬಂದವಳು ಸುಮ್ಮನೆ ಕೂರಲಿಲ್ಲ. ಬ್ಯಾಕೋಡಿನ ಬಸ್‌ಸ್ಟಾಪಿನಲ್ಲಿ, ಹಾಲಿನ ಡೇರಿಯ ಮುಂದೆ, ಸಿಕ್ಕವರ ಫೋನನ್ನೆಲ್ಲ ಹೊರಗೆ ತೆಗೆಸಿದೆ. ಸೆಟ್ಟಿಂಗಿಗೆ ಹೋಗಿ, ಯಾವ ನಂಬರಿದೆ ನೋಡಿ, 47 ಇದ್ದರೆ ತೆಗೆಯಿರಿ, ಹೆಸರಿನ ಪಾಸ್‌ವರ್ಡ್ ಬಿಡಿ, ಪಾಸ್‌ವರ್ಡಿನ ಮೇಲೆ ಕೋಡ್ ಕೇಳುವ ಎರಡನೇ ಬೀಗವನ್ನೂ ಹಾಕಿ. ಕೆಲವರು ಮಾಡಿದರು. ಹಲವರು ನನ್ನ ತಲೆ ಕೆಟ್ಟಿದೆ ಎಂದುಕೊಂಡರು.

"ನಮ್ಮತ್ರ ಎಂತ ಗುಟ್ಟಿದೆ ಮಾರಾಯ್ತಿ?" ಎಂದರು ಪಕ್ಕದ ಮನೆಯ ಸಾವಿತ್ರಕ್ಕ. "ಯಾರಾದ್ರೂ ನೋಡ್ಲಿ ಬಿಡು."

"ಗುಟ್ಟಿಲ್ಲದಿದ್ರೆ ಬಚ್ಚಲಮನೆಗೆ ಬಾಗಿಲು ಎಂತಕ್ಕೆ ಸಾವಿತ್ರಕ್ಕ?"

ಅವರಿಗೆ ಸಿಟ್ಟು ಬಂತು. ಬರಲಿ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕನ್ನಡಕ ಹಾಕಿಕೊಂಡು ಫೋನ್ ಹಿಡಿದು ಬಂದರು.

ನನಗೆ ಅರ್ಥವಾಗದ್ದು ಇದೇ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಭರಣಿಗಿರುವ ಶಿಸ್ತು ನೋಡಿ. ಒದ್ದೆ ಕೈ ಹಾಕುವಂತಿಲ್ಲ. ಎಲ್ಲರೂ ಮುಟ್ಟುವಂತಿಲ್ಲ. ಬಾಯಿಗೆ ಬಟ್ಟೆ ಕಟ್ಟಿದ ಗಂಟಿನ ರೀತಿ ಬದಲಾದರೆ ಮನೆಯ ಹೆಂಗಸಿಗೆ ತಕ್ಷಣ ಗೊತ್ತಾಗುತ್ತದೆ. ಅದೇ ಮನೆಯ ವೈಫೈ ಪಾಸ್‌ವರ್ಡ್ ಜಗಲಿಯ ಕಂಬದ ಮೇಲೆ ಮಾರ್ಕರಿನಲ್ಲಿ! ಬಂದ ನೆಂಟರು ಕೇಳುವ ಮೊದಲೇ ಓದಿಕೊಳ್ಳಲಿ ಎಂದು. ಮಿಡಿ ಕೆಟ್ಟರೆ ಮುಂದಿನ ವರ್ಷ ಮತ್ತೆ ಹಾಕಬಹುದು. ಆ ಹುಡುಗಿಯ ಫೋಟೊಗಳನ್ನು ಯಾರು ವಾಪಸ್ ತರುತ್ತಾರೆ?

ನಮ್ಮ ಕಂಬದ ಬರಹವನ್ನು ಉಜ್ಜಿ ಅಳಿಸಿದೆ. ವೈಫೈ ಪಾಸ್‌ವರ್ಡ್ ಬದಲಿಸಿದೆ. ನೆಂಟರಿಗೆಂದು ಬೇರೆಯದೇ ಒಂದು ಲೈನು ಮಾಡಿಸಿದೆ. ರೂಟರ್ ಡಬ್ಬಿ ಬರುವಾಗಲೇ ಇದ್ದ ಅಡ್ಮಿನ್ ಪಾಸ್‌ವರ್ಡನ್ನೂ ಕಿತ್ತೊಗೆದೆ. ಹೊಸದನ್ನೆಲ್ಲ ಕಾಗದದಲ್ಲಿ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮರಗಳ ಪಟ್ಟಿಗೂ ಈಗ ಬೇರೆ ಡ್ರೈವ್‌ನಲ್ಲಿ ನಕಲಿದೆ. ಮೈದುನ ಬಂದವನು ಕಂಬ ನೋಡಿ, "ಏನತ್ತಿಗೆ, ನಾವೆಲ್ಲ ಹೊರಗಿನವರಾದ್ವಾ?" ಎಂದು ಮುಖ ಊದಿಸಿಕೊಂಡ. ಊದಿಸಿಕೊಳ್ಳಲಿ. ಅವನಿಗೆ ಎರಡು ಸಲ ಕಾಫಿ ಕೊಟ್ಟೆ. ನಮ್ಮ ಲೈನಿನ ಪಾಸ್‌ವರ್ಡ್ ಕೊಡಲಿಲ್ಲ.

ಇಷ್ಟೆಲ್ಲ ಆದ ಮೇಲೂ ದಾರಿಗೆ ಬಾರದವರು ಒಬ್ಬರಿದ್ದರು. ನಮ್ಮನೆಯ ಗಣಿತ ಮೇಷ್ಟ್ರು. ಅವರ ಖಾತೆಯೂ ದಿನೇಶನ ಕೈಗೂಸೇ. 47 ತೆಗೆಯಲು ಹೇಳಿದ್ದಕ್ಕೆ, ತೆಗೆದು ನನ್ನ ನಂಬರು ಹಾಕಿಟ್ಟಿದ್ದಾರೆ! ತಮ್ಮದು ಹಾಕಲು ಸೋಮಾರಿತನ. ಪಾಸ್‌ವರ್ಡ್ ಇನ್ನೂ ಅದೇ ಒಂದು ಎರಡು ಮೂರು.

ಮೊನ್ನೆ ಭಾನುವಾರ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ನಾನು ಒಳಗೆ ಭರಣಿಗೆ ಬಟ್ಟೆ ಕಟ್ಟುತ್ತಿದ್ದೆ. ನನ್ನ ಫೋನು ಟಿಣ್ ಅಂದಿತು. ಹಿಂದೆಯೇ ಜಗಲಿಯಿಂದ ಕೂಗು:

"ಏ, ನಂದೊಂದು ಒಟಿಪಿ ನಿನ್ನ ಫೋನಿಗೆ ಬಂತು. ಅಲ್ಲಿಂದಲೇ ಕೂಗಿ ಹೇಳೇ!"

ಕೈ ಒರೆಸಿಕೊಂಡು ಫೋನನ್ನು ಸೊಂಟಕ್ಕೆ ಸಿಕ್ಕಿಸಿದೆ.

"ಎದ್ದು ಬನ್ನಿ," ಎಂದೆ. "ಮುಖ ನೋಡಿ ಕೊಡ್ತೀನಿ."