ಮೇವಿನ ಹೊತ್ತಿನ ಗೆಜ್ಜೆ

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೊಂದು ಘನವಾದ ಹುದ್ದೆ ಸಿಕ್ಕಿತ್ತು: ಕ್ಷೇತ್ರ ಸಂದರ್ಶಕ. ಬಿಡಿಸಿ ಹೇಳುವುದಾದರೆ, 'ಇನ್ನು ನಮ್ಮ ಕೈಯಲ್ಲಿಲ್ಲ, ಮನೆಗೆ ಕರೆದುಕೊಂಡು ಹೋಗಿ' ಎಂದು ಆಸ್ಪತ್ರೆ ಕೈಬಿಟ್ಟ ರೋಗಿಗಳನ್ನು ಹುಡುಕಿಕೊಂಡು ಹೋಗಿ, ಹೇಗೆ ಸಾಯುತ್ತಿದ್ದೀರಿ ಎಂದು ವಿನಯದಿಂದ ವಿಚಾರಿಸುವುದು. ಇಂಥವರ ನೋವು, ನಿದ್ದೆ, ಮನೆಯವರ ಪಾಡು ಇವುಗಳ ಮೇಲೆ ಸಂಶೋಧನೆ ಆಗಬೇಕೆಂದು ಹೊರಗಿನಿಂದ ಬಂದ ಡಾಕ್ಟರೊಬ್ಬರಿಗೆ ಅನ್ನಿಸಿತ್ತು. ರಾಯಚೂರು, ಮಾನ್ವಿ, ದೇವದುರ್ಗ ನನ್ನ ಸಾಮ್ರಾಜ್ಯ. ಕೆಂಪು ಬಸ್ಸು ನನ್ನ ರಥ. ದೇವದುರ್ಗದ ಮುದುಕಿಯೊಬ್ಬಳು ನನ್ನನ್ನು ಯಮನ ಕಡೆಯ ಗುಮಾಸ್ತನೆಂದೇ ತಿಳಿದು, "ಯಪ್ಪಾ, ಬಿಸಲಾಗ ಬಂದೀದಿ, ಮಜ್ಜಿಗಿ ಕುಡದು ಹೋಗು, ನಾಳಿ ಬಾ" ಎಂದು ಸಾಗಹಾಕಿದ್ದಳು. ಮಜ್ಜಿಗೆ ಕುಡಿದು ಬಂದೆ. ಮರುದಿನವೂ ಹೋದೆ.

ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದಂತೂ ಎಲ್ಲ ಮನೆಗಳಲ್ಲೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು: ರೋಗಿಗೆ ತನ್ನ ಸ್ಥಿತಿ ಗೊತ್ತಿದೆಯೇ? ನಮ್ಮ ಕಡೆ ರೋಗಿಯೊಬ್ಬನನ್ನು ಬಿಟ್ಟು ಓಣಿಗೆಲ್ಲ ಗೊತ್ತಿರುತ್ತದೆ.

ರಾಯಚೂರಿನಲ್ಲಿ ಒಬ್ಬ ಟಾಂಗಾವಾಲ ಇದ್ದ. ಸ್ಟೇಷನ್ನಿನ ದಾರಿಯುದ್ದಕ್ಕೂ 'ಹಟೋ, ಹಟೋ' ಎಂದು ಕೂಗಿದ ಗಂಟಲಿಗೇ ಕ್ಯಾನ್ಸರ್ ಹತ್ತಿತ್ತು. ದನಿ ಪಿಸುಮಾತಿಗೆ ಇಳಿದಿತ್ತು. ಅವನ ಹೆಂಡತಿ ನನ್ನನ್ನು ಬಾಗಿಲಲ್ಲೇ ತಡೆದಳು.

"ಅವ್ರಿಗಿ ಉಷ್ಣ ಆಗ್ಯದಂತ ಹೇಳೀವ್ರಿ ಸಾಬ್. ನೀವೂ ಉಷ್ಣನೇ ಅನ್ರಿ. ಮತ್ತ, ಕುದುರಿ ಮಾತು ತೆಗೀಬ್ಯಾಡ್ರಿ."

ರೋಗಿಯನ್ನೂ ಕುದುರೆಯನ್ನೂ ಒಟ್ಟಿಗೆ ನೋಡಿಕೊಳ್ಳಲಾಗದೆ, ಅವಳು ಕುದುರೆಯನ್ನು ಪೋತ್ನಾಳದ ತಮ್ಮನ ಮನೆಗೆ ಕಳಿಸಿಬಿಟ್ಟಿದ್ದಳು. ಗಂಡನಿಗೆ ತಿಳಿದರೆ ಎದೆ ಒಡೆದುಕೊಂಡಾನೆಂದು, ಅದರ ಕೊರಳಿನ ಗೆಜ್ಜೆಸರವನ್ನು ಉಳಿಸಿಕೊಂಡು, ದಿನಾ ಸಂಜೆ ಮೇವಿನ ಹೊತ್ತಿಗೆ ಹಿತ್ತಲಿಗೆ ಹೋಗಿ ಅಲ್ಲಾಡಿಸುತ್ತಿದ್ದಳು. ಮಂಚ ಬಿಟ್ಟು ಏಳಲಾರದವನು, ಕುದುರೆ ಮನೆಯಲ್ಲೇ ಇದೆ ಎಂದುಕೊಳ್ಳಲಿ ಎಂದು.

ನಾನು ಮಂಚದ ಪಕ್ಕ ಕೂತು 'ಉಷ್ಣ'ದ ಬಗ್ಗೆ ಗಾಂಭೀರ್ಯದಿಂದ ಮಾತಾಡುತ್ತಿದ್ದಾಗಲೇ ಹಿತ್ತಲಲ್ಲಿ ಗೆಜ್ಜೆ ಸದ್ದಾಯಿತು. ಅವನು ಬೆರಳಾಡಿಸಿ ನನ್ನನ್ನು ಹತ್ತಿರ ಕರೆದ.

"ಕೇಳಿದ್ರಿ? ಕುದುರಿ ಎಲ್ಲ್ಯರ ಹಿಂಗ ತಲಿ ಕೊಡವ್ತದೇನ್ರಿ? ಇಕಿ ಹಿಟ್ಟು ಜರಡಿ ಹಿಡದಂಗ ಬಾರಸ್ತಾಳ."

ನಗಲು ಗಂಟಲಿಲ್ಲದವನು ಭುಜ ಕುಣಿಸಿ ನಕ್ಕ.

"ಮತ್ತ ಹೇಳಬಾರದೇನ್ರಿ ಆಕಿಗಿ?" ಎಂದೆ.

"ಅಲ್ಲಾ ಕಸಮ್, ನೀವೂ ಹೇಳಬ್ಯಾಡ್ರಿ. ನನಗ ಗೊತ್ತದ ಅಂತ ಗೊತ್ತಾದ್ರ, ಪಾಪ, ಸಂಜಿಮುಂದ ಆಕಿ ಏನು ಮಾಡ್ಯಾಳು?"

ಹೆಂಡತಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಅವನು ಮುಖ ಬಿಗಿದು, "ಕುದುರಿಗಿ ನೀರು ಕುಡಿಸ್ದಿ?" ಎಂದ.

"ಕುಡಿಸ್ದೆ. ಅರ್ಧ ಬಕೀಟು ಬಿಟ್ಟದ."

"ನಖರಾ ಬಂದದ ಅದಕ್ಕ."

ನನ್ನ ಪ್ರಶ್ನೆಗಳ ಹಾಳೆಯಲ್ಲಿ ಆ ಗಂಟಲ ಪ್ರಶ್ನೆಯ ಉತ್ತರಕ್ಕೆ ಅಚ್ಚು ಹಾಕಿಸಿದ್ದ ಚೌಕದ ಮನೆಗಳು ಎರಡೇ: ಗೊತ್ತಿದೆ, ಗೊತ್ತಿಲ್ಲ. ನಾನು ನಡುವಿನ ಗೆರೆಯ ಮೇಲೆ ಗುರುತು ಹಾಕಿದೆ. ಇದೇನೆಂದು ಡಾಕ್ಟರು ಕೇಳಿದರು. "ಗಂಡ ಹೆಂಡತಿ ಇಬ್ಬರೂ ಅಲ್ಲೇ ಇದ್ದಾರೆ ಸಾರ್" ಎಂದೆ.

ಸಾವಾದ ಮೇಲೆ ಇನ್ನೊಮ್ಮೆ ಹೋಗಿ ಮನೆಯವರನ್ನು ಮಾತಾಡಿಸಬೇಕೆಂಬುದು ಸಂಶೋಧನೆಯ ನಿಯಮ. ಟಾಂಗಾವಾಲನ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಹೋದೆ. ಗಂಡ ತೀರಿಕೊಂಡವಳು ಕೆಲವು ತಿಂಗಳು ಪರಪುರುಷರಿಗೆ ಕಾಣಿಸಿಕೊಳ್ಳದ ಇದ್ದತ್ತಿನ ಕಾಲ ಅದು. ಅವಳು ಪರದೆಯ ಆಚೆ ಕೂತಿದ್ದಳು. ಮದುವೆಯಾದ ಮಗಳು ಈಚೆ, ನನ್ನೆದುರಿಗೆ. 'ಉತ್ತರಿಸುವವರ ಮುಖಭಾವವನ್ನು ಗಮನಿಸತಕ್ಕದ್ದು' ಎಂಬ ಸೂಚನೆಯಿತ್ತು. ಅದರಂತೆ ಪರದೆಯ ಮುಖಭಾವವನ್ನು ಗಮನಿಸುತ್ತ ಕೂತೆ.

ಬಿಸಿಲು ಗೋಡೆ ಇಳಿಯಿತು. ಪರದೆಯ ಹಿಂದೆ ಗೆಜ್ಜೆ ಸದ್ದಾಯಿತು. ಅದೇ ಹಿಟ್ಟಿನ ಜರಡಿ.

"ಮತ್ತ ಸುರು ಮಾಡಿದೇನಮ್ಮಾ? ಯಾರಿಗಿ ಕೇಳಸಾಕ?" ಎಂದು ಮಗಳು ಸಿಡುಕಿದಳು.

"ಹೊತ್ತಾತಲ್ಲ" ಎಂದಿತು ಪರದೆ. ಆಮೇಲೆ ನನ್ನ ಕಡೆಗೆ, "ಸಾಬ್, ಅವತ್ತು ಅವ್ರು ನಿಮ್ಮ ಕಿವ್ಯಾಗ ಏನೋ ಅಂದ್ರು. ಕಿಡಕ್ಯಾಗಿಂದ ನೋಡೀನಿ ನಾ. ಕುದುರಿ ಹೋಗಿದ್ದು ಅವ್ರಿಗಿ ಗೊತ್ತಿತ್ತೇನ್ರಿ? ದಿನಾ ನನ್ನ ಸುಳ್ಳು ಕೇಳ್ಕೋತ ಮಲಗಿದ್ರೇನ್ರಿ?"

ಪ್ರಶ್ನೆ ಕೇಳುವುದು ನನ್ನ ಹುದ್ದೆ. ಉತ್ತರ ಕೊಡುವ ತರಬೇತಿಯನ್ನು ಯಾರೂ ಕೊಟ್ಟಿರಲಿಲ್ಲ.

"ಇಲ್ರಿ" ಎಂದೆ. "ನನಕಿಂತ ಆಕಿ ಕೈಲೇ ಕುದುರಿ ಚೊಲೋ ಮೇಯಾಕತ್ತದ ಅಂದ್ರು. ಅಷ್ಟೇ."

ಪರದೆಯ ಹಿಂದೆ ಗೆಜ್ಜೆ ಮತ್ತೆ ಅಲುಗಿತು. ಈ ಸಲ ಜರಡಿಯ ಲಯ ಇರಲಿಲ್ಲ. ಝಲ್ಲೆಂದು ಒಮ್ಮೆ ಕೊಡವಿ, ನಿಂತು, ಸಣ್ಣಗೆ ಅದುರಿ, ಮತ್ತೆ ನಿಂತು, ಹೊಟ್ಟಿನ ಬುಟ್ಟಿಯಿಂದ ಮುಖವೆತ್ತಿ ಕುದುರೆ ನೊಣ ಓಡಿಸಿದ ಹಾಗೆ.

ಮಗಳ ಮುಖ ನೋಡಿದೆ. ಅವಳು ಎದ್ದು, ಬಕೀಟಿಗೆ ನೀರು ತುಂಬಿಕೊಂಡು, ಹಿತ್ತಲ ಕಡೆ ನಡೆದಳು.