ಗಿರಣಿ ಅಮ್ಮನ ಎಡಗಡೆಯ ಬೆಳಕು

ನೀಲಿ ಬಣ್ಣದ ಪ್ಲಾಸ್ಟಿಕ್ ತಟ್ಟೆ ಅದು. ಕಳೆದ ವಾರ ಮೊಣಕಾಲಿನ ಸ್ಕ್ಯಾನ್ ಮಾಡಿಸಲು ಹೋದಾಗ ನರ್ಸ್ ಅದನ್ನು ನನ್ನ ಮುಂದೆ ಹಿಡಿದು, ಮೈಮೇಲಿರುವುದನ್ನೆಲ್ಲ ಬಿಚ್ಚಿ ಇದರಲ್ಲಿ ಹಾಕಿ ಅಂದಳು. ಬಳೆ, ಓಲೆ, ಕೈಗಡಿಯಾರ, ಕೂದಲಿನ ಕ್ಲಿಪ್ಪು... ಒಂದೊಂದೇ ಹಾಕಿದೆ. ಬಾಗಿಲಾಚೆ ಯಂತ್ರ ಕಟಕಟ ಎನ್ನುತ್ತಿತ್ತು. ಕೊನೆಗೆ ನನ್ನ ಕೈ ತಾನಾಗಿ ಎದೆಯ ನಡುವೆ ಹೋಗಿ ಏನನ್ನೋ ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಇರುವ ಕಾರಣವೂ ಇಲ್ಲ. ಆದರೂ ಹುಡುಕಿತು, ಮತ್ತು ಗಿರಣಿ ಅಮ್ಮ ನೆನಪಾದಳು.

ಕೊಟ್ಟೂರಿನಲ್ಲಿ ನಮ್ಮ ಓಣಿಯ ಬಾಯಿಗೆ ಆಕೆಯ ಹಿಟ್ಟಿನ ಗಿರಣಿ. ಗಂಡ ಹೋದಮೇಲೆ ತಾನೇ ನಡೆಸುತ್ತಿದ್ದಳು. ಮಷೀನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆಕೆಯ ದನಿ ಮನೆಯೊಳಗೂ ಇಳಿಯುತ್ತಿರಲಿಲ್ಲ. ಮಗಳ ಜೊತೆ ಗುಟ್ಟು ಹೇಳಿದರೂ ಬಸ್‌ಸ್ಟ್ಯಾಂಡಿಗೆ ಕೇಳಬೇಕು. ಹುಬ್ಬಿನ ಮೇಲೆ, ಕಿವಿಯ ಮೇಲೆ ಹಿಟ್ಟು. ಹಣೆಯ ಮೇಲೆ ವಿಭೂತಿ ಎಲ್ಲಿ ಮುಗಿಯಿತು, ಹಿಟ್ಟು ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಯುವ ತನಕ ಗಿರಣಿ ಚಾಲೂ ಆಗುತ್ತಿರಲಿಲ್ಲ. ಜನ ಡಬ್ಬಿ ಇಟ್ಟುಕೊಂಡು ಹೊರಗೆ ಗೊಣಗುತ್ತ ನಿಲ್ಲುತ್ತಿದ್ದರು. ಆಕೆ ಒಳಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಅದನ್ನೇ ದಿಟ್ಟಿಸುತ್ತ, ಕೂತೇ ಇರುತ್ತಿದ್ದಳು.

ನಮ್ಮದು ಓಣಿಯ ಕೊನೆಯ ಮನೆ. ಅಪ್ಪನಿಗೆ ಅಂಚೆ ಕಚೇರಿಯಲ್ಲಿ ನೌಕರಿ ಸಿಕ್ಕಮೇಲೆ ಕೇರಿ ಬಿಟ್ಟು ಅಲ್ಲಿಗೆ ಬಂದೆವು. ನಡುಮನೆಯ ಗೋಡೆಗೆ ಬುದ್ಧನ ಪಟವೂ ಬಂತು. ಗಿರಣಿಯಲ್ಲಿ ಆಕೆಯ ಅತ್ತೆ ಕೂರುತ್ತಿದ್ದ ಕಾಲಕ್ಕೆ ನಮ್ಮ ಡಬ್ಬಿ ಸಾಲಿನಲ್ಲಿ ಎಲ್ಲಿದ್ದರೂ ಕೊನೆಗೇ ಬೀಸುತ್ತಿದ್ದರು. ಗಿರಣಿ ಅಮ್ಮ ಬಂದಮೇಲೆ ಅದು ನಿಂತಿತು. ಬಂದವರ ಪಾಳಿ ಬಂದಹಾಗೆ. ಆದರೆ ಬೀಸಿದ ಡಬ್ಬಿಯನ್ನು ಆಕೆ ನನ್ನ ಕೈಗೆ ಕೊಡುತ್ತಿರಲಿಲ್ಲ. ಕಟ್ಟೆಯ ಮೇಲಿಟ್ಟು ಕೈ ತೆಗೆಯುತ್ತಿದ್ದಳು, ಆಮೇಲೆ ನಾನು ಎತ್ತಿಕೊಳ್ಳಬೇಕು. ಎಲ್ಲರಿಗೂ ಹಾಗೆಯೇ ಮಾಡುತ್ತಿದ್ದಳೋ, ನಮಗಷ್ಟೇ ಹಾಗೋ... ನಾನು ಕೇಳಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ನಾನು ಅದೊಂದನ್ನು ಮಾತ್ರ ಯಾಕೋ ಕೇಳಲಿಲ್ಲ.

ನಾನು ಓದಿದ್ದು ಜೀವಶಾಸ್ತ್ರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿದ್ಯೆ. ನಮ್ಮವ್ವ ಅದನ್ನು ಊರಿಗೆಲ್ಲ ಕಂಪ್ಯೂಟರಿನ ಡಾಕ್ಟ್ರು ಎಂದು ಹೇಳಿಕೊಂಡು ಬಂದಿದ್ದಳು, ತಿದ್ದಲು ಹೋಗಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಶೋಧನೆಗೆ ಸೇರಿದ್ದೆ. ನರರೋಗದ ಡಾಕ್ಟರು ಒಬ್ಬರು, ಧರ್ಮಗಳ ಅಧ್ಯಯನ ಮಾಡುವ ಪ್ರೊಫೆಸರ್ ಒಬ್ಬರು, ಲೆಕ್ಕಕ್ಕೆ ನಾನು. ವರ್ಷಾನುಗಟ್ಟಲೆ ದಿನಾ ಲಿಂಗವನ್ನು ದಿಟ್ಟಿಸಿದವರ ಮಿದುಳಿನಲ್ಲಿ ಏನಾಗುತ್ತದೆ ಎಂಬುದು ನಮ್ಮ ಪ್ರಶ್ನೆ. ಹಡಗಲಿ, ಹಗರಿಬೊಮ್ಮನಹಳ್ಳಿ ಎಂದು ಊರೂರು ತಿರುಗಿ ಜನರನ್ನು ಹುಡುಕುತ್ತಿದ್ದೆವು. ನಮ್ಮ ಓಣಿಯಲ್ಲೇ ಒಬ್ಬಳಿದ್ದಾಳೆ ಬನ್ನಿ ಎಂದು ಇಬ್ಬರನ್ನೂ ಕರೆತಂದವಳು ನಾನೇ.

ಎಲ್ಲ ಪ್ರಶ್ನೆಗಳನ್ನೂ ಬಾಯಿಬಿಟ್ಟು ಕೇಳಬೇಕೆಂಬ ನಿಯಮವಿತ್ತು. ಹೆಸರು ಕೇಳಿದೆ, ವಯಸ್ಸು ಕೇಳಿದೆ. ಹೆಣ್ಣೋ ಗಂಡೋ ಎಂಬುದಕ್ಕೆ ಹಾಳೆಯ ಮೇಲೆ ಅಚ್ಚಾಗಿದ್ದಂತೆಯೇ, ಲಿಂಗ? ಎಂದೆ.

"ಐತಿ," ಅಂದಳು, ಎದೆಯ ಮೇಲೆ ಲಿಂಗವಿಟ್ಟುಕೊಂಡಿದ್ದ ಬೆಳ್ಳಿಯ ಕರಡಿಗೆಯನ್ನು ತಟ್ಟಿ. "ಅದಿಲ್ದ ಹೆಂಗ ಇರ್ತಾರ ಯಮ್ಮಾ?"

ಪ್ರೊಫೆಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಡಾಕ್ಟರೂ ನಕ್ಕರು. ಅಂದು ನಾವು ನಕ್ಕಿದ್ದು ಅಷ್ಟೇ.

ಪೂಜೆಯಲ್ಲಿ ಏನು ಕಾಣುತ್ತದೆ ಎಂದು ಪ್ರೊಫೆಸರ್ ಕೇಳಿದಾಗ ಆಕೆಯ ದನಿ ಇಳಿಯಿತು. ಗಿರಣಿ ಅಮ್ಮ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಂದು ವರ್ಷದಿಂದ ಲಿಂಗದ ಎಡಗಡೆಗೆ ಒಂದು ಬೆಳಕು ಏಳುತ್ತದಂತೆ. ಹಳದಿ, ನೀಲಿ, ನಡುವೆ ಕೆಂಪು. ಸಣ್ಣಗೆ ಮಿನುಗುತ್ತ ಮಿನುಗುತ್ತ ದೊಡ್ಡದಾಗಿ, ಲಿಂಗವನ್ನು ಅರ್ಧ ನುಂಗಿ, ಆರಿಹೋಗುತ್ತದಂತೆ. ಇಷ್ಟು ವರ್ಷ ದುಡಿದದ್ದಕ್ಕೆ ಶಿವ ಕೊಟ್ಟದ್ದು ಅಂತ ತಿಳಿದಿದ್ದಳು. ಯಾರಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಪ್ರೊಫೆಸರ್ ಇನ್ನೊಮ್ಮೆ ಹೇಳಿರೆಂದು ಬೇಡಿಕೊಂಡರು. ಜೀವಮಾನವೆಲ್ಲ ಹಳೆಯ ಗ್ರಂಥಗಳಲ್ಲಿ ಓದಿದ ಬೆಳಕು ಅವರೆದುರಿಗೆ ಚಾಪೆಯ ಮೇಲೆ ಕೂತು ಮಾತಾಡುತ್ತಿತ್ತು.

ಮರುದಿನ ಬೆಳಿಗ್ಗೆ ಆಕೆ ಪೂಜೆ ಮಾಡುವುದನ್ನು ನೋಡಲು ಕೂತೆವು. ಪ್ರೊಫೆಸರ್ ಆಕೆಯ ಮುಖ ನೋಡುತ್ತಿದ್ದರು. ಡಾಕ್ಟರು ಅಂಗೈ ನೋಡುತ್ತಿದ್ದರು. ಅವರು ನನ್ನ ಮೊಣಕೈ ತಿವಿದು ಕಣ್ಣಲ್ಲೇ ತೋರಿಸಿದರು. ಏರಿಸಿದ ಹೂವು, ಪತ್ರಿ ಎಲ್ಲ ಲಿಂಗದ ಬಲಕ್ಕೇ ಬಿದ್ದಿದ್ದವು. ಎಡಗಡೆ ಅಂಗೈ ಬರಿದಾಗಿತ್ತು.

ಪೂಜೆ ಮುಗಿದಮೇಲೆ ಡಾಕ್ಟರು ಆಕೆಯ ಎದುರು ಕೂತು, ತಮ್ಮ ಮೂಗನ್ನೇ ನೋಡಲು ಹೇಳಿ, ಎಡಕ್ಕೆ ಬಲಕ್ಕೆ ಬೆರಳು ಆಡಿಸಿದರು. ಬಲಗಡೆಯ ಬೆರಳು ಕಾಣುತ್ತಿತ್ತು. ಎಡಗಡೆಯದು ಅಲ್ಲಾಡುತ್ತಿದೆ ಎಂಬುದೇ ಆಕೆಗೆ ಗೊತ್ತಾಗಲಿಲ್ಲ. ಆಮೇಲೆ ಅವರು ಸಾವಕಾಶವಾಗಿ, ಈ ಬೆಳಕು ಪೂಜೆಯ ಹೊತ್ತಿಗೆ ಮಾತ್ರ ಬರುತ್ತದೋ, ಬೇರೆ ಹೊತ್ತಿನಲ್ಲೂ ಬರುತ್ತದೋ ಎಂದು ಕೇಳಿದರು.

ಆಕೆಗೆ ಆ ಪ್ರಶ್ನೆಯ ಹಿಂದೇನಿದೆ ಎಂದು ತಿಳಿದುಹೋಯಿತು. ಹಿಟ್ಟಿನ ನುಣುಪು ಬೆರಳಲ್ಲಿ ತಿಕ್ಕಿ ನೋಡುವವಳು, ಮಾತನ್ನು ತಿಕ್ಕಿ ನೋಡಲಾರಳೇ? ಸೆರಗು ಸರಿಮಾಡಿಕೊಂಡು, ಇಲ್ಲ, ಪೂಜೆಯ ಹೊತ್ತಿಗೆ ಅಷ್ಟೇ ಅಂದಳು.

ಹಿಂದಿನ ವಾರವಷ್ಟೇ ನಾನು ಗಿರಣಿಯಲ್ಲಿ ನಿಂತಿದ್ದೆ. ಜೋಳದ ಹಿಟ್ಟು ಡಬ್ಬಿ ತುಂಬಿ ನೆಲಕ್ಕೆ ಸುರಿಯುತ್ತಿತ್ತು. ಆಕೆ ಕೈ ಗಾಳಿಯಲ್ಲಿಟ್ಟುಕೊಂಡು ಎಡಕ್ಕೆ ನೋಡುತ್ತ ನಿಂತುಬಿಟ್ಟಿದ್ದಳು. ಜನ ಕೂಗಿದರೂ ಕೇಳಿಸಲಿಲ್ಲ. ಈಗ ಆಕೆ ನನ್ನ ಕಡೆ ನೋಡಲಿಲ್ಲ. ಪ್ರೊಫೆಸರ್ ನೋಡಿದರು. ನನಗೇನೋ ಗೊತ್ತಿದೆ ಎಂದು ಅವರಿಗೆ ಅನಿಸಿರಬೇಕು, ಬೇಡ ಎನ್ನುವಂತಿತ್ತು ಅವರ ಮುಖ. ಬಾಯಿ ಮುಚ್ಚಿಕೊಂಡರೆ ಆಕೆಗೆ ಶಿವ ಉಳಿಯುತ್ತಾನೆ. ಬಾಯಿ ಬಿಟ್ಟರೆ ಪ್ರಾಣ ಉಳಿದೀತು, ಅದೂ ಉಳಿದೀತು ಅಷ್ಟೇ...

ಹೇಳಿದೆ. ಗಿರಣಿಯಲ್ಲೂ ಬರುತ್ತದೆ, ಮೊನ್ನೆ ಹಿಟ್ಟು ಚೆಲ್ಲಿದಾಗಲೂ ಬಂದಿತ್ತು ಎಂದು ಹೇಳಿದೆ. ಇವತ್ತು ಕೇಳಿದರೂ ಹೇಳುತ್ತೇನೆ, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಆಗ ಆಕೆ ನನ್ನನ್ನು ನೋಡಿದ ನೋಟವನ್ನು ಇವತ್ತಿಗೂ ನುಂಗಲಾಗಿಲ್ಲ.

ಆಕೆ ಡಾಕ್ಟರ ಕಡೆ ತಿರುಗಿದಳು. "ಹಂಗಾದ್ರ ಅದು ಶಿವ ಅಲ್ಲೇನ್ರಿ?"

"ಶಿವನ ವಿಚಾರ ನನಗೆ ಗೊತ್ತಿಲ್ಲಮ್ಮ," ಅಂದರು ಡಾಕ್ಟರು. "ತಲೆಯೊಳಗೆ ಏನಾದ್ರೂ ಬೆಳೀತಿದ್ರೆ ಅದನ್ನ ಮೊದಲು ನೋಡಬೇಕು."

ಅಲ್ಲಿಗೆ ಆಕೆ ಸಂಶೋಧನೆಯಿಂದ ಹೊರಗೆ ಬಂದು ರೋಗಿಯಾದಳು. ಸ್ಕ್ಯಾನಿಗೆ ಸುತರಾಂ ಒಲ್ಲೆ ಅಂದಳು. ಮಗಳು ಕೂಡ್ಲಿಗಿಯಲ್ಲಿ ಬಾಣಂತಿ, ಬರುವ ಹಾಗಿರಲಿಲ್ಲ. ಫೋನಿನಲ್ಲೇ ಅತ್ತು ಅತ್ತು ಒಪ್ಪಿಸಿದಳು. ದಾವಣಗೆರೆಗೆ ಕರೆದೊಯ್ಯುವ ಕೆಲಸ ನನಗೆ ಬಿತ್ತು. ಹರಪನಹಳ್ಳಿ ದಾಟಿದರೂ ಆಕೆ ನನ್ನ ಜೊತೆ ತುಟಿ ಬಿಚ್ಚಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳು. ಪಕ್ಕದಲ್ಲಿ ಪ್ರೊಫೆಸರ್ ಇದ್ದರು.

ಆಸ್ಪತ್ರೆಯಲ್ಲಿ ಇಂಥದೇ ಒಂದು ತಟ್ಟೆ ಚಾಚಿದರು. ಬಳೆ ಬಿಚ್ಚಿದಳು, ಮೂಗುತಿ ಬಿಚ್ಚಿದಳು, ಕಾಲುಂಗುರ ಮೊದಲೇ ಇರಲಿಲ್ಲ. ಕರಡಿಗೆ ಎಂದಾಗ ಎರಡೂ ಕೈ ಅದರ ಮೇಲಿಟ್ಟಳು.

"ಇದು ಮೈ ಬಿಟ್ರ ನಾ ಹೆಣ ಇದ್ದಂಗ."

ಸ್ಕ್ಯಾನಿನವನು ಒಳ್ಳೆಯವನು, ಗದರಲಿಲ್ಲ. ಬೆಳ್ಳಿಯ ಕರಡಿಗೆ ಬಿಟ್ಟು ಬರೀ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳಬಹುದೇ ಎಂದು ನಾನು ಕೇಳಿದೆ. ಲಿಂಗದ ಮೇಲಿನ ಆ ಕಪ್ಪು ಲೇಪದಲ್ಲಿ ಏನೇನು ಬೆರೆಸಿರುತ್ತಾರೆ ಎಂದು ಅವನು ಕೇಳಿದ. ಅದು ಮಾಡಿದವರಿಗಷ್ಟೇ ಗೊತ್ತು, ಕೆಲವರು ಕಬ್ಬಿಣದ ಪುಡಿಯನ್ನೂ ಹಾಕುತ್ತಾರಂತೆ ಎಂದರು ಪ್ರೊಫೆಸರ್. ಹಾಗಾದರೆ ಆಗುವುದೇ ಇಲ್ಲ, ಒಳಗಿನ ಅಯಸ್ಕಾಂತ ಎಳೆದುಕೊಂಡರೆ ಆಕೆಯ ಮುಖಕ್ಕೇ ಬಂದು ಬಡಿಯುತ್ತದೆ ಎಂದ ಅವನು. ಹೊರಗೆ ಬೇರೆ ರೋಗಿಗಳು ಕಾಯುತ್ತಿದ್ದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇವತ್ತು ತಪ್ಪಿಸಿಕೊಂಡರೆ ಈಕೆ ಮತ್ತೆ ಬರುವುದಿಲ್ಲ, ಮುಂದಿನ ಸಲ ಆ ಬೆಳಕು ಬಂದಾಗ ಗಿರಣಿಯ ಬೆಲ್ಟಿನ ಪಕ್ಕದಲ್ಲೇ ಬಿದ್ದರೆ ಏನು ಗತಿ ಎಂದರು. ಪ್ರೊಫೆಸರ್ ಕೊನೆಯ ಪ್ರಯತ್ನವಾಗಿ, ಪ್ರಾಣಕ್ಕೆ ಬಂದಾಗ ದೋಷವಿಲ್ಲ, ಹಿರಿಯರೇ ಹಾಗೆ ಹೇಳಿದ್ದಾರೆ ಎಂದು ವಿವರಿಸತೊಡಗಿದರು.

"ನಿಮ್ ಕೊಳ್ಳಾಗ ಐತೇನ್ರಿ?" ಎಂದು ಕೇಳಿದಳು.

ಅವರ ಕೊರಳಲ್ಲಿ ಇರಲಿಲ್ಲ.

ಆಕೆ ತಟ್ಟೆಯನ್ನು ನೋಡಿದಳು, ಬಾಗಿಲನ್ನು ನೋಡಿದಳು, ಎಡಕ್ಕೆ ಕಾಣದ್ದರಿಂದ ಪೂರಾ ಕತ್ತು ತಿರುಗಿಸಿ ನನ್ನನ್ನು ನೋಡಿದಳು.

"ಬಾ ಇಲ್ಲಿ. ಬಗ್ಗು."

ಬಗ್ಗಿದೆ. ಕೊರಳಿನಿಂದ ಶಿವದಾರ ತೆಗೆದು ನನ್ನ ಕೊರಳಿಗೆ ಹಾಕಿದಳು. ಗಂಟು ಮೇಲಕ್ಕೆ ಸರಿಸುವಾಗ ಆಕೆಯ ಒರಟು ಬೆರಳು ನನ್ನ ಹೆಗಲಿಗೆ ತಾಗಿತು. ನಾನು ಯಾರ ಮನೆಯವಳೆಂದು ನೆನಪಿಸಬೇಕೆನಿಸಿ, ಅಮ್ಮಾ, ನಾನು... ಎಂದೆ.

"ಗೊತ್ತೈತಿ, ಸುಮ್ಕಿರು. ಲಿಂಗಕ್ಕ ಅಂಗ ಬೇಕು, ತಟ್ಟಿಯಾಗ ಇಡಾಕ ಬರಂಗಿಲ್ಲ. ನಾ ಬರೂತನ ಅಲ್ಲಾಡಬ್ಯಾಡ."

ಆಕೆ ಒಳಗೆ ಹೋದಳು. ಬಾಗಿಲು ಬಿತ್ತು.

ನಾನು ಬೆಂಚಿನ ಮೇಲೆ ನೆಟ್ಟಗೆ ಕೂತೆ. ಯಂತ್ರ ಶುರುವಾಯಿತು. ಆಕೆಯ ಗಿರಣಿಯ ಹಾಗೇ ಬಡಿದುಕೊಳ್ಳುತ್ತಿತ್ತು. ದೇವರು ದಿಂಡರು ಎಂದು ನಾನು ಎಂದೂ ತಲೆ ಕೆಡಿಸಿಕೊಂಡವಳಲ್ಲ. ಆದರೆ ಆಕೆಯ ಮೈಬಿಸಿ ಇನ್ನೂ ಆರಿರದ ಆ ಕರಡಿಗೆ ನನ್ನ ಎದೆಯ ಮೇಲಿತ್ತು, ಉಸಿರು ಎಳೆದರೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಕೆಮ್ಮು ಬಂದರೂ ತಡೆದುಕೊಂಡೆ. ನಾನು ಅಲ್ಲಾಡಿದರೆ ಒಳಗೆ ಆಕೆಗೆ ಏನೋ ಆಗಿಬಿಡುತ್ತದೆ ಎಂದು ಹೆದರಿ ಕೂತಿದ್ದೆ, ಅಷ್ಟು ಓದಿದವಳು. ಡಾಕ್ಟರು ಪಕ್ಕದ ಕೋಣೆಯಿಂದ ಬಂದು ತಮ್ಮ ತಲೆಯ ಹಿಂಭಾಗವನ್ನು ಬಲಗಡೆ ಮುಟ್ಟಿ ತೋರಿಸಿದರು. ಗಡ್ಡೆ, ನಿಂಬೆಹಣ್ಣಿನಷ್ಟಿದೆ ಅಂದರು. ಆಗಲೂ ನಾನು ಅಲ್ಲಾಡಲಿಲ್ಲ.

ಆಕೆ ಹೊರಗೆ ಬಂದು ಯಾರನ್ನೂ ಏನೂ ಕೇಳಲಿಲ್ಲ, ನನ್ನ ಮುಂದೆ ಕೈ ಚಾಚಿದಳು. ಬಗ್ಗಿದೆ. ತೆಗೆದುಕೊಂಡು ಕಣ್ಣಿಗೊತ್ತಿ ಹಾಕಿಕೊಂಡಳು. ಆಮೇಲೆ ಡಾಕ್ಟರಿಗೆ, ಈಗ ಹೇಳ್ರಿ ಅಂದಳು.

ಆಪರೇಷನ್ ಆಯಿತು. ಆಗ ಮಗಳು ಬಂದಿದ್ದಳು, ಲಿಂಗ ಅವಳ ಕೊರಳಲ್ಲಿತ್ತು. ಎಡಗಡೆಯ ದೃಷ್ಟಿ ತಿರುಗಿ ಬರಲಿಲ್ಲ, ಬೆಳಕೂ ಬರಲಿಲ್ಲ. ಗಿರಣಿ ಮತ್ತೆ ಚಾಲೂ ಆಯಿತು. ಆಮೇಲೂ ಆಕೆ ನಮ್ಮ ಡಬ್ಬಿಯನ್ನು ಕಟ್ಟೆಯ ಮೇಲೆಯೇ ಇಡುತ್ತಿದ್ದಳು. ರೂಢಿಯೋ ಏನೋ...

ರೋಗವಿರುವವರನ್ನು ಕೈಬಿಡಬೇಕೆಂಬ ನಿಯಮದಂತೆ ಆಕೆಯನ್ನು ನಮ್ಮ ಲೆಕ್ಕದಿಂದ ತೆಗೆದೆ. ರೋಗವೆಂದು ತಿಳಿದಮೇಲೆ ಪ್ರೊಫೆಸರೂ ಆಕೆಯ ಮಾತನ್ನು ಎಲ್ಲೂ ಬರೆಯಲಿಲ್ಲ. ಡಾಕ್ಟರಿಗೆ ಗಡ್ಡೆ ಬೇಕಿತ್ತು, ಅದು ಸಿಕ್ಕಿತು. ಮೂರು ವಿದ್ಯೆ ಸೇರಿ ಹುಡುಕಿದರೂ ಆ ಹಳದಿ, ನೀಲಿ, ಕೆಂಪಿಗೆ ಎಲ್ಲೂ ಜಾಗ ಸಿಗಲಿಲ್ಲ. ಒಂದು ದಿನ ಧೈರ್ಯ ಮಾಡಿ, ಈಗ ಪೂಜೆಯಲ್ಲಿ ಏನು ಕಾಣುತ್ತದೆ ಎಂದು ಕೇಳಿದೆ. ಲಿಂಗ ಕಾಣುತ್ತದೆ, ಅಷ್ಟೇ ಅಂದಳು. ಮಷೀನು ನಿಲ್ಲಿಸಿ ಬೆಲ್ಟಿನ ಮೇಲಿನ ಹಿಟ್ಟು ಒರೆಸಿದಳು.

"ಬೆಳಕು ಚಂದಿತ್ತವ್ವಾ," ಅಂದಳು, ಮೆತ್ತಗೆ.

ಹೋದ ವರ್ಷ ಗಡ್ಡೆ ಮತ್ತೆ ಬೆಳೆಯಿತು. ಈ ಸಲ ಆಪರೇಷನ್ ಬೇಡವೆಂದಳು, ಯಾರೂ ಒತ್ತಾಯ ಮಾಡಲಿಲ್ಲ. ಅವರ ಪದ್ಧತಿಯಂತೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು. ಮಣ್ಣು ಎದೆಮಟ್ಟ ಬರುವವರೆಗೆ ಆ ಅಂಗೈಯನ್ನೇ ನೋಡುತ್ತ ನಿಂತಿದ್ದೆ. ಕಡೆಗಾಲದಲ್ಲಿ ಬೆಳಕು ಮತ್ತೆ ಬಂದಿತ್ತೇ ಎಂದು ಮಗಳನ್ನು ಕೇಳಬೇಕೆಂದಿದ್ದೆ. ಕೇಳಲಾಗಲಿಲ್ಲ. ಬಂದಿರಲಿ ಎಂದು ಮಾತ್ರ ಆಸೆ.

ನರ್ಸ್ ನನ್ನ ನೀಲಿ ತಟ್ಟೆಯನ್ನು ಒಳಗಿಟ್ಟು ಬಂದು, ತುಂಬಿ ಕೊಡಿ ಎಂದು ನನ್ನ ಕೈಗೆ ಒಂದು ಹಾಳೆ, ಪೆನ್ನು ಕೊಟ್ಟಳು. ಹೆಸರು ಬರೆದೆ. ವಯಸ್ಸು ಬರೆದೆ. ಅದರ ಕೆಳಗೆ ಲಿಂಗ ಎಂದಿತ್ತು. ಪೆನ್ನು ಅಲ್ಲೇ ನಿಂತಿತು. ಇತ್ತು, ಒಂದು ದಿನ ನನ್ನ ಮೇಲೂ ಇತ್ತು ಎಂದು ಬರೆಯಬೇಕೆನಿಸಿತು. ಬೇಗ ಕೊಡ್ರೀ ಮೇಡಂ, ಒಳಗೆ ಕರೀತಿದ್ದಾರೆ ಅಂದಳು ನರ್ಸ್. ಸ್ತ್ರೀ ಎಂದು ಬರೆದು ಕೊಟ್ಟೆ.