ಬಿದ್ದವರ ಕಡೆ ಬೆನ್ನು

ಟೈರು ಮೇಷ್ಟ್ರ ಹೆಸರೆತ್ತಿದರೆ ಊರಿನ ಫುಟ್‌ಬಾಲ್ ಆಟಗಾರರೆಲ್ಲ ಈಗಲೂ ಹೆಗಲು ಸವರಿಕೊಳ್ಳುತ್ತಾರೆ. ಹಗಲಿಡೀ ಲಾರಿಗಳಿಗೆ ಪಂಕ್ಚರ್ ಹಾಕುವ ಕೆಲಸ, ಸಂಜೆಯಾದರೆ ತರಬೇತಿ. ಅಂಗಡಿಯ ಹಳೇ ಟೈರೊಂದನ್ನು ಮೈದಾನದ ಮರಕ್ಕೆ ನೇತುಹಾಕಿದ್ದರು. ಅದು ತೂಗಿ ಬರುವಾಗ ಹೆಗಲು ಕೊಟ್ಟು ನಿಲ್ಲಿಸಬೇಕು. ಚೆಂಡು ಆಮೇಲೆ. "ಕಾಲಲ್ಲಿ ಡ್ಯಾನ್ಸ್ ಯಾರು ಬೇಕಾದ್ರೂ ಮಾಡ್ತಾರೆ, ಮೈ ಕೊಟ್ಟು ಆಡೋರು ಎಲ್ಲಿದ್ದಾರೆ?" ಎನ್ನುವುದು ಅವರ ನಿತ್ಯದ ರಾಗ. ಅವರ ತಂಡ ಬರುತ್ತದೆಂದರೆ ಎದುರಾಳಿಗಳು ಹಿಂದಿನ ದಿನವೇ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರಂತೆ. ಅದರಲ್ಲಿ ಅರ್ಧ ಉಪ್ಪು ಖಾರ ಹಚ್ಚಿದ ಮಾತು, ಇರಲಿ.

ಅವರದೊಂದು ವಿಚಿತ್ರ ಕಟ್ಟಳೆಯಿತ್ತು. ತಂಡದಲ್ಲಿ ಯಾರಾದರೂ ಬಿದ್ದರೆ ಉಳಿದವರು ಬೆನ್ನು ತಿರುಗಿಸಿ ನಿಲ್ಲಬೇಕು. ನೋಡುವವರಿದ್ದರೆ ನೋವು ದೊಡ್ಡದಾಗುತ್ತದೆ, ಇಲ್ಲದಿದ್ದರೆ ಬಿದ್ದವರು ತಾವಾಗಿಯೇ ಏಳುತ್ತಾರೆ ಎಂಬ ಲೆಕ್ಕಾಚಾರ. ಮೇಷ್ಟ್ರೂ ಬೇಲಿಯ ಕಡೆ ಮುಖ ಮಾಡುತ್ತಿದ್ದರು. ಅಭ್ಯಾಸದಲ್ಲಿ "ಅಯ್ಯೋ ರಕ್ತ! ತಿರುಗಿ ನೋಡ್ರೋ!" ಎಂದು ಬೇಕಂತಲೇ ಕೂಗಿ ಪರೀಕ್ಷೆ ಮಾಡುವರು. ತಿರುಗಿದವರು ಮೈದಾನ ಸುತ್ತಿ ಸುತ್ತಿ ಸುಸ್ತಾಗಬೇಕಿತ್ತು.

ಈಚೆಗೆ ಹೆಣ್ಣುಮಕ್ಕಳ ತಂಡ ಕಟ್ಟಿದ್ದರು. ಡಿಫೆನ್ಸ್‌ನ ನಡುವೆ ನಿಲ್ಲುವವಳು ಸ್ವಂತ ಮಗಳು. ಪಂದ್ಯಾವಳಿಯ ಫೈನಲ್ ಹತ್ತಿರ ಬಂದಾಗ ಒಂದು ಸಂಜೆ ತೂಗಿ ಬಂದ ಟೈರು ಹೆಗಲು ತಪ್ಪಿ ಅವಳ ತಲೆಗೆ, ಕಿವಿಯ ಮೇಲುಗಡೆ, ಬಡಿಯಿತು. ಮನೆಗೆ ಬಂದವಳು ತಿಂದದ್ದೆಲ್ಲ ವಾಂತಿ ಮಾಡಿಕೊಂಡಳು.

"ರೀ, ಡಾಕ್ಟ್ರಿಗೆ ತೋರಿಸೋಣ. ಅವಳನ್ನ ಆಡಿಸ್ಬೇಡಿ," ಎಂದಳು ಹೆಂಡತಿ.

"ಏನೂ ಆಗಲ್ಲ, ಸುಮ್ನಿರೇ. ನಾನೆಷ್ಟು ಸಲ ಪೆಟ್ಟು ತಿಂದಿಲ್ಲ?"

ಹೇಳಿದ್ದೇನೋ ಹೇಳಿದರು, ಎದೆಯಲ್ಲಿ ಅಳುಕು ಕೂತುಬಿಟ್ಟಿತು. ಫೈನಲ್ ದಿನ ಬೆಳಗ್ಗೆ ಮಗಳು ಬೂಟಿನ ದಾರದ ಒಂದೇ ಗಂಟನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಿದ್ದುದನ್ನು ಕಂಡರು.

"ತಲೆ ಸುತ್ತತ್ತೇನಮ್ಮಾ?"

"ಇಲ್ಲಪ್ಪಾ."

ಆ ಮಾತನ್ನು ನಂಬಲು ಅವರಿಗೆ ಎಷ್ಟು ಆಸೆಯಿತ್ತೆಂದರೆ ಇನ್ನೊಂದು ಸಲ ಕೇಳಲೇ ಇಲ್ಲ.

ಆಟ ಶುರುವಾದ ಮೇಲೆ ಮೇಷ್ಟ್ರು ಚೆಂಡು ನೋಡಿದ್ದೇ ಕಡಿಮೆ. ಮಗಳು ತಲೆ ಕೊಡವಿದರೆ ಬದಲಿ ಆಟಗಾರ್ತಿಯನ್ನು ಎಬ್ಬಿಸುವುದು, ನೆಟ್ಟಗೆ ಓಡಿದರೆ ಕೂರಿಸುವುದು. ಮತ್ತೆ ಎಬ್ಬಿಸುವುದು, ಮತ್ತೆ ಕೂರಿಸುವುದು.

"ಮೇಷ್ಟ್ರೇ, ನಾನು ಹೋಗ್ಲಾ ಬೇಡ್ವಾ?"

"ಬಾಯ್ಮುಚ್ಕೊಂಡು ಕೂತ್ಕೋ!"

ಅಷ್ಟರಲ್ಲಿ ಕಾರ್ನರ್‌ನಿಂದ ಚೆಂಡು ಎತ್ತರಕ್ಕೆ ಬಂತು. ಮಗಳು ಹಾರಿದಳು, ಎದುರಿನವಳೂ ಹಾರಿದಳು. ಹೆಗಲಿಗೆ ಹೆಗಲು ತಾಗಿ ಮಗಳು ಬಿದ್ದಳು. ರೆಫರಿ ಸೀಟಿ ಊದಿದ. ತಂಡದ ಹುಡುಗಿಯರೆಲ್ಲ ಬೆನ್ನು ತಿರುಗಿಸಿದರು. ಮೇಷ್ಟ್ರ ಮೈಯೂ ಅಷ್ಟು ವರ್ಷಗಳ ರೂಢಿಗೆ ಬಿದ್ದು ತಾನಾಗಿ ಬೇಲಿಯತ್ತ ತಿರುಗಿಕೊಂಡಿತು.

ಬೇಲಿಯ ಆಚೆ ಎದುರಿಗೇ ಹೆಂಡತಿ ನಿಂತಿದ್ದಳು. ಮಗಳು ಎದ್ದಳೋ ಇಲ್ಲವೋ ಎಂದು ಅವರು ಹೆಂಡತಿಯ ಮುಖದಲ್ಲಿ ಹುಡುಕಿದರು. ಈಗ ಆ ಮುಖ ಹಗುರಾಗುತ್ತದೆ, ಈಗ ನಿಟ್ಟುಸಿರು ಬಿಡುತ್ತಾಳೆ ಎಂದು ಕಾದರು. ಅವಳ ಬೆರಳುಗಳು ಬೇಲಿಯ ತಂತಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡವು.

"ನನ್ನೇನ್ರೀ ನೋಡ್ತೀರಾ? ಅಲ್ಲಿ ನೋಡ್ರೀ!"

ಮೇಷ್ಟ್ರು ತಿರುಗಿ ಓಡಿದರು. ರೆಫರಿ ಮಂಡಿಯೂರಿ, ಎರಡೂ ಕೈ ಬೀಸಿ ಡಾಕ್ಟರನ್ನು ಕರೆಯುತ್ತಿದ್ದ. ಸುತ್ತ ಹುಡುಗಿಯರು ಕಲಿಸಿದ ಹಾಗೇ ಬೆನ್ನು ಮಾಡಿ ನಿಂತಿದ್ದರು.

"ತಿರುಗ್ರೇ! ಅವಳನ್ನ ನೋಡ್ರೇ, ನಿಮ್ ದಮ್ಮಯ್ಯ!"

ಒಬ್ಬಳೂ ತಿರುಗಲಿಲ್ಲ. ಗೋಲ್‌ಕೀಪರ್ ಹುಡುಗಿಯಂತೂ ಬೆನ್ನು ಮಾಡಿಕೊಂಡೇ ನಕ್ಕಳು. "ನಮ್ಮ ಹತ್ರ ಇದೆಲ್ಲಾ ನಡೆಯಲ್ಲ ಮೇಷ್ಟ್ರೇ!"

ಮಗಳ ಕಣ್ಣು ಅರ್ಧ ತೆರೆದಿತ್ತು. ಮೇಷ್ಟ್ರು ಪಕ್ಕದಲ್ಲಿ ಕುಸಿದು ಅವಳ ಹೆಗಲ ಮೇಲೆ ಕೈಯಿಟ್ಟರು. ಆ ಮೈದಾನದಲ್ಲಿ ಯಾರಿಗೂ ಎಂದೂ ಹೇಳದ ಮಾತು ಹೇಳಿದರು.

"ಏಳ್ಬೇಡ ಕಂದಾ. ಹಾಗೇ ಮಲಗಿರು."

ಅವಳು ಅಪ್ಪನ ಮುಖವನ್ನು ತಡಕಾಡುವಂತೆ ನೋಡಿದಳು.

"ಇದೂ ಪರೀಕ್ಷೆ ತಾನೇ ಅಪ್ಪಾ?" ಎಂದು ಮೊಣಕೈ ಊರಿ ಏಳಲು ಹೊರಟಳು.